ಬಲಕ್ಕೆ ಎಳೆಯುವ ಕುದುರೆ

ಕಳೆದ ವಾರ ಗಾಜಿಪುರದಲ್ಲಿರುವ ಅತ್ತೆಯ ಮನೆಗೆ ಹೊರಟಿದ್ದೆ. ದಾರಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಬೆಲ್ಲದ ನೀರು ಬೆರೆಸಿ ಅರೆದ ಸುಣ್ಣದ ವಾಸನೆ ಓಣಿಯ ತುಂಬ ನಿಂತಿತ್ತು. ಈಚೆಗೆ ಎಲ್ಲರೂ ಸಿಮೆಂಟು ತರಿಸುತ್ತಾರೆ. ಗಚ್ಚು ಅರೆಯಿಸುವವರು ಕಡಿಮೆಯಾಗಿದ್ದಾರೆ. ನಾನು ಕೊಡೆ ಮಡಿಚಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಕೆಲಸದವನೊಬ್ಬ, "ಯಾರು ಬೇಕಾಗಿತ್ತುರಿ ಅಕ್ಕಾರ?" ಎಂದು ಕೇಳಿದ. ಯಾರೂ ಬೇಡ ಎಂದು ಹೇಳಿ ಮುಂದೆ ನಡೆದೆ. ಒಂದು ಕುದುರೆಯ ನೆನಪಾಯಿತು ಎಂದು ಅಪರಿಚಿತರಿಗೆ ಹೇಳುವುದು ಹೇಗೆ?

ಆಗ ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷ ಕಳೆದಿತ್ತು. ನಾನು ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರದ ಬಿ.ಎಸ್‌ಸಿ. ಮುಗಿಸಿ ಕಮಲಾಪುರಕ್ಕೆ ಮರಳಿದ್ದೆ. ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಅರ್ಜಿ ಹಾಕಿ ಉತ್ತರದ ದಾರಿ ನೋಡುತ್ತಿದ್ದೆ. ಅಪ್ಪ ಊರಿನ ದನದ ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರು ವಾರಕ್ಕೊಮ್ಮೆ ಮಾತ್ರ ಬರುತ್ತಿದ್ದರು. ಹೀಗಾಗಿ ಊರಿನವರ ಪಾಲಿಗೆ ಅಪ್ಪನೇ ಡಾಕ್ಟರ್. ಮನೆಯಲ್ಲಿ ಅಪ್ಪ, ನಾನು, ಅಪ್ಪನ ತಾಯಿ ಆಯಿ. ಅವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವಳ ಹೊಲಿಗೆ ಮಷೀನು, ಕತ್ತರಿ, ಅಳತೆಯ ಟೇಪು ನನ್ನ ಪಾಲಿಗೆ ಬಂದಿದ್ದವು.

ಇಮಾಮ್ ಚಾಚಾ ನಮ್ಮ ಮನೆಯ ಹಿಂದಿನ ಓಣಿಯವರು. ಇಪ್ಪತ್ತು ವರ್ಷ ಒಬ್ಬ ಜಾಗೀರದಾರರ ಲಾಯದಲ್ಲಿ ಕುದುರೆ ನೋಡಿಕೊಂಡವರು. ಜಾಗೀರು ಹೋಯಿತು, ಲಾಯ ಮುಚ್ಚಿತು. ಜಾಗೀರದಾರರು ಊರು ಬಿಡುವಾಗ ಒಂದು ಕಂದು ಹೆಣ್ಣುಕುದುರೆಯನ್ನು ಚಾಚಾಗೆ ಕೊಟ್ಟುಹೋದರು. ಅದರ ಹೆಸರು ಮಖಮಲ್. ಪೊಲೀಸ್ ಆ್ಯಕ್ಷನ್ನಿನ ಗದ್ದಲದ ದಿನಗಳಲ್ಲಿ ಚಾಚಾ ಮತ್ತು ಅವರ ಹೆಂಡತಿ ಹಲೀಮಾಬಿ ಯಾರ ಮನೆಯ ಜೋಳ ತುಂಬುವ ನೆಲದಡಿಯ ಹಗೇವಿನಲ್ಲಿ ಅಡಗಿದ್ದರು ಎಂಬುದನ್ನು ಕಮಲಾಪುರದಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆಯಿಗೆ ಗೊತ್ತಿತ್ತು ಎಂಬುದಷ್ಟೇ ನನಗೆ ಗೊತ್ತಿತ್ತು.

ಕುದುರೆಯನ್ನು ಹಗೇವಿನಲ್ಲಿ ಅಡಗಿಸಲು ಬರುವುದಿಲ್ಲ. ಅದನ್ನು ಚಾಚಾ ಗಚ್ಚಿನ ಗಾಣದ ಮಲ್ಲಣ್ಣನ ಹತ್ತಿರ ಬಿಟ್ಟಿದ್ದರು. ಗಚ್ಚಿನ ಗಾಣ ಎಂದರೆ ನೆಲದಲ್ಲಿ ತೋಡಿದ ದುಂಡನೆಯ ಕಾಲುವೆ. ಅದರಲ್ಲಿ ಸುಣ್ಣ, ಉಸುಕು, ಬೆಲ್ಲದ ನೀರು. ಆಳೆತ್ತರದ ಕಲ್ಲಿನ ಗಾಲಿಯೊಂದು ಅದರೊಳಗೆ ಉರುಳುತ್ತದೆ. ಗಾಲಿಗೆ ಕಟ್ಟಿದ ತೊಲೆಯನ್ನು ಪ್ರಾಣಿ ಎಳೆಯುತ್ತ ಸುತ್ತುತ್ತದೆ. ಮಲ್ಲಣ್ಣ ಮಖಮಲ್‌ಗೆ ಹೊಟ್ಟೆತುಂಬ ಮೇವು ಹಾಕಿದ, ಬೈಯಲಿಲ್ಲ, ಹೊಡೆಯಲಿಲ್ಲ. ಬರೀ ಸುತ್ತಿಸಿದ, ಒಂದೂವರೆ ವರ್ಷ.

ಊರು ತಣ್ಣಗಾದ ಮೇಲೆ ಚಾಚಾ ಹಳೆಯ ಟಾಂಗಾ ಒಂದನ್ನು ದುರಸ್ತಿ ಮಾಡಿಸಿ, ಕುದುರೆಯನ್ನು ಬಿಡಿಸಿಕೊಂಡು ಬಂದರು. ಓಡಿಸುವವನ ಪರವಾನಗಿ ಅವರ ಬಳಿ ಮೊದಲೇ ಇತ್ತು. ಕುದುರೆಗೆ ಮಾತ್ರ ಕಲಬುರಗಿಯಲ್ಲಿ ತಪಾಸಣೆಯಾಗಿ ಹಿತ್ತಾಳೆಯ ಬಿಲ್ಲೆ ಸಿಗಬೇಕಿತ್ತು. ಬಿಲ್ಲೆ ಇಲ್ಲದ ಕುದುರೆ ಬಾಡಿಗೆಗೆ ಹೊರಡುವಂತಿರಲಿಲ್ಲ.

ದೀಪಾವಳಿ ಮುಗಿದ ವಾರ ಅಪ್ಪ ಮತ್ತು ನಾನು ಅದೇ ಟಾಂಗಾದಲ್ಲಿ ಕಲಬುರಗಿಗೆ ಹೋದೆವು. ಇಪ್ಪತ್ತು ಚಿಲ್ಲರೆ ಮೈಲಿಯ ದಾರಿಯುದ್ದಕ್ಕೂ ಮಖಮಲ್ ಬಲಕ್ಕೆ ಎಳೆಯುತ್ತಿತ್ತು. ಚಾಚಾ ಎಡಗಡೆಯ ಲಗಾಮನ್ನು ಮುಷ್ಟಿಗೆ ಸುತ್ತಿಕೊಂಡು, ಮೈಯೆಲ್ಲ ಎಡಕ್ಕೆ ವಾಲಿಸಿ ಕೂತಿದ್ದರು. ಎದುರಿಗೆ ಬಂದ ಗಾಡಿಗಳವರೆಲ್ಲ ಬೈದರು. "ಹೊಸಾ ರಾಜ್ಯ ಬಂದದಂತ ರಸ್ತಾನೂ ಬದಲಿ ಮಾಡಿರೇನು ಸಾಬ?" ಎಂದು ಹತ್ತಿಯ ಗಾಡಿಯವನೊಬ್ಬ ಕೂಗಿದ.

ತಪಾಸಣೆ ನಿಜಾಮರ ಅತಿಥಿಗೃಹ ಐವಾನ್-ಎ-ಶಾಹಿಯ ಹತ್ತಿರದ ಅಗಲವಾದ ರಸ್ತೆಯಲ್ಲಿ. ತಪಾಸಣೆ ಮಾಡುವ ದರೋಗಾ ಸಾಹೇಬರು ಸೊಲ್ಲಾಪುರದ ಕಡೆಯಿಂದ ಹೊಸದಾಗಿ ಬಂದವರು, ಖಾಕಿ ಕೋಟು, ಕೈಯಲ್ಲಿ ಪೆನ್ಸಿಲ್. "ಸೀದಾ ಹೊಡಕೊಂಡು ಹೋಗ್ರಿ" ಎಂದರು. ಮಖಮಲ್ ಹತ್ತು ಹೆಜ್ಜೆ ಸರಿಯಾಗಿಯೇ ಹೋಯಿತು. ಆಮೇಲೆ ಯಾವ ಆತುರವೂ ಇಲ್ಲದೆ ರಸ್ತೆ ದಾಟಿ, ಎದುರು ಬದಿಯ ಭಜಿ ಅಂಗಡಿಯ ಮುಂದೆ ಹೋಗಿ ನಿಂತಿತು. ಅಂಗಡಿಯವ ಜಾಲರಿ ಎತ್ತಿ ಹಿಡಿದು, "ಎಷ್ಟು ಪ್ಲೇಟ್ ಕಟ್ಲಿ ಚಾಚಾ?" ಎಂದ. ಸುತ್ತ ನಿಂತವರು ನಕ್ಕರು. ದರೋಗಾ ನಗಲಿಲ್ಲ.

"ಇದರ ಕಣ್ಣು ಕಾಣಂಗಿಲ್ಲೇನು?"

"ಕಣ್ಣು ಹೀರಾ ಇದ್ದಂಗ ಅದಾವ್ರಿ ಸಾಹೇಬ್ರ."

"ಹಂಗಾರ ತಲಿ ಕೆಟ್ಟೈತಿ. ಯುಗಾದಿ ಮುಂದ ಇನ್ನೊಮ್ಮೆ ತೊಗೊಂಡು ಬರ್ರಿ. ಆಗೂ ಹಿಂಗ ಮಾಡಿತಂದ್ರ ಈ ಕುದುರಿಗೆ ಮತ್ತ ಎಂದೂ ಬಿಲ್ಲೆ ಇಲ್ಲ."

ಊರಿಗೆ ಮರಳಿದ ಮರುದಿನವೇ ಮಲ್ಲಣ್ಣ ಬಂದ. ಒಳ್ಳೆಯ ಮನುಷ್ಯ, ಆದರೆ ಅವನ ಗಾಣಕ್ಕೆ ಪ್ರಾಣಿ ಬೇಕಾಗಿತ್ತು. "ಚಾಚಾ, ಸುಮ್ನ ಯಾಕ ತ್ರಾಸ ತೊಗೋತಿ? ಇಕಿ ಹುಟ್ಟಿದ್ದೇ ಗಾಣಕ್ಕ. ನನಗ ಬಿಟ್ಟುಬಿಡು. ಸಾಯೂತನಕಾ ಚೊಲೊ ನೋಡ್ಕೋತೀನಿ."

ಹಲೀಮಾಬಿ ಒಳಗಿನಿಂದಲೇ, "ಸಾಯೂತನಕಾ ಸುತ್ತೋದಕ್ಕ ಚೊಲೊ ಅಂತಾರೇನ್ರೀ ಮಲ್ಲಣ್ಣ?" ಎಂದಳು.

ಅಪ್ಪ ಕುದುರೆಯ ಕಣ್ಣು ನೋಡಿದರು, ಕಿವಿ ನೋಡಿದರು, ಗೊರಸು ಎತ್ತಿ ಲಾಳ ನೋಡಿದರು. ಎಲ್ಲವೂ ಸರಿಯಾಗಿತ್ತು. ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದೆ. ಮಖಮಲ್ ನನಗೆ ಬೆನ್ನು ಮಾಡಿ ನಿಂತಿತ್ತು. ಹಿಂದಿನಿಂದ ನೋಡುವಾಗ ಅದರ ಎರಡು ತೊಡೆಗಳು ಒಂದೇ ಪ್ರಾಣಿಯವು ಎನ್ನಿಸಲಿಲ್ಲ. ನಾಲ್ಕು ಜನರ ಮುಂದೆ ಮಾತಾಡುವ ರೂಢಿ ನನಗೆ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ತುತ್ತು ಹಿಡಿದುಕೊಂಡೇ ಯೋಚಿಸಿದರು. "ಕಣ್ಣಿಗೆ ಕಂಡದ್ದು ಸಾಕಾಗಂಗಿಲ್ಲ. ನಾಳಿ ಮುಂಜಾನಿ ಅಳತಿ ಮಾಡು" ಎಂದರು.

ಮೊದಲ ಸಲ ಅಳೆದದ್ದು ತಪ್ಪಾಯಿತು. ನಿಂತ ಕುದುರೆ ಒಂದು ಹಿಂಗಾಲಿಗೆ ವಿಶ್ರಾಂತಿ ಕೊಟ್ಟು ಇನ್ನೊಂದರ ಮೇಲೆ ಭಾರ ಹಾಕುತ್ತದೆ. ಭಾರ ಹೊತ್ತ ತೊಡೆ ಬಿಗಿದುಕೊಳ್ಳುತ್ತದೆ, ಇನ್ನೊಂದು ಸಡಿಲಾಗುತ್ತದೆ. ನಾನು ಅದನ್ನು ಗಮನಿಸಿರಲಿಲ್ಲ. ಅಪ್ಪ ನಕ್ಕು, ನಾಲ್ಕೂ ಕಾಲು ಸಮ ಊರಿ ನಿಲ್ಲುವಂತೆ ಮಾಡಿದರು. ಹಿಂಗಾಲಿನ ಗಂಟಿನ ಮೇಲೆ ಒಂದು ಗೇಣು ಬಿಟ್ಟು, ಅವ್ವನ ಟೇಪು ಸುತ್ತಿ ಮತ್ತೆ ಅಳೆದೆ. ಎಡಗಾಲು ಬಲಗಾಲಿಗಿಂತ ಒಂದು ಬೆರಳು ದಪ್ಪ.

ಕುತ್ತಿಗೆಯನ್ನೂ ನೋಡೋಣ ಎಂದು ಒಂದು ಕೆಂಪು ಬಾಳೆಹಣ್ಣನ್ನು ಅದರ ಬಲ ಭುಜದ ಹತ್ತಿರ ಹಿಡಿದೆ. ಕತ್ತು ಬಳುಕಿಸಿ ತಿಂದಿತು. ಎಡ ಭುಜದ ಹತ್ತಿರ ಹಿಡಿದೆ. ಕತ್ತು ಅರ್ಧಕ್ಕೆ ನಿಂತಿತು. ಸ್ವಲ್ಪ ಹೊತ್ತು ಹಣ್ಣನ್ನೇ ನೋಡಿತು, ಆಮೇಲೆ ಇಡೀ ಮೈಯನ್ನು ಬಲಕ್ಕೆ ಒಂದು ಸುತ್ತು ತಿರುಗಿಸಿಕೊಂಡು ಬಂದು ಹಣ್ಣು ಕಿತ್ತುಕೊಂಡಿತು.

ಆಗ ನನಗೆ ಗಾಣ ಹೊಳೆಯಿತು. ಮಲ್ಲಣ್ಣನ ಗಾಣ ಬಲಕ್ಕೇ ಸುತ್ತುತ್ತದೆ, ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ. ಸುತ್ತಿನಲ್ಲಿ ಹೊರಗಿನ ಕಾಲಿಗೆ ದಾರಿ ಹೆಚ್ಚು, ಒಳಗಿನ ಕಾಲಿಗೆ ಕಡಿಮೆ. ಎಡಗಾಲು ಒಂದೂವರೆ ವರ್ಷ ದಿನವೂ ಹೆಚ್ಚು ನಡೆದಿದೆ, ಹೆಚ್ಚು ತಳ್ಳಿದೆ. ಮಾಂಸಖಂಡ ಎಂದರೆ ನೂಲಿನ ಲಡಿಯ ಹಾಗೆ ಸಣ್ಣ ಎಳೆಗಳ ಕಟ್ಟು. ದುಡಿತ ಬಿದ್ದಾಗ ಇರುವ ಎಳೆಗಳೇ ದಪ್ಪವಾಗುತ್ತವೆ, ಅವುಗಳಿಗೆ ರಕ್ತ ಒಯ್ಯುವ ನಾಳಗಳು ಹೆಚ್ಚುತ್ತವೆ. ದುಡಿತ ತಪ್ಪಿದರೆ ಸೊರಗುತ್ತವೆ. ಕಾಲೇಜಿನಲ್ಲಿ ಇದನ್ನು ಕಪ್ಪೆಯ ಕಾಲಿನಲ್ಲಿ ಕಲಿತಿದ್ದೆ. ಕಪ್ಪೆ ಸತ್ತಿತ್ತು. ಇಲ್ಲಿ ಅದೇ ಪಾಠ ನನ್ನ ಮುಂದೆ ಬಾಲ ಬೀಸಿಕೊಂಡು ಬಾಳೆಯ ಸಿಪ್ಪೆ ಅಗಿಯುತ್ತಿತ್ತು.

ಚಾಚಾ ಮೊದಲು ಒಪ್ಪಲಿಲ್ಲ. "ಇಪ್ಪತ್ತು ವರ್ಷ ಈ ಕೈಲೇ ಕುದುರಿ ಮೈ ತಿಕ್ಕೀನಿ ಬೇಟಿ. ದರ್ಜಿ ಟೇಪು ನನಗ ಕಲಸ್ತದೇನು?" ಎಂದರು. ಅಪ್ಪ, "ಕಣ್ಣು ಮುಚ್ಚಿ ಎರಡೂ ತೊಡಿ ಹಿಡದು ನೋಡು" ಎಂದರು. ಚಾಚಾ ಎರಡು ಅಂಗೈಗಳನ್ನು ಎರಡು ತೊಡೆಗಳ ಮೇಲಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

"ಯಾ ಅಲ್ಲಾ," ಎಂದರು ಕೊನೆಗೆ. "ಎಡಕ್ಕ ಒಂದು ಕುದುರಿ, ಬಲಕ್ಕ ಒಂದು ಕುದುರಿ."

ಪರಿಹಾರ ಹೇಳುವುದು ಸುಲಭವಾಗಿತ್ತು: ಅದೇ ಗಾಣದಲ್ಲಿ ಯುಗಾದಿಯ ತನಕ ಎಡಕ್ಕೆ ಸುತ್ತಿಸಬೇಕು. ಮಲ್ಲಣ್ಣ ಎರಡೂ ಕಿವಿ ಮುಚ್ಚಿಕೊಂಡ.

"ಉಲ್ಟಾ ಸುತ್ತು ಅಂದ್ರ ಸತ್ತೋರ ಸುತ್ತರಿ ಡಾಕ್ಟರ್ ಸಾಹೇಬ್ರ! ಆ ಗಚ್ಚಿನ್ಯಾಗ ಮನಿ ಕಟ್ಟಿದ್ರ ಮನಿ ನಿಲ್ತದೇನು? ನಾಳಿ ಯಾರ ಮನ್ಯಾಗರೆ ಏನರೆ ಆತಂದ್ರ ಮಲ್ಲಣ್ಣನ ಗಚ್ಚು ಅಂತಾರ."

"ಖಾಲಿ ಗಾಣ ತಿರುಗಸು," ಎಂದರು ಅಪ್ಪ.

"ಖಾಲಿ ತಿರುಗಿದ್ರ ಕಲ್ಲಿಗೆ ಕಲ್ಲು ತಿಕ್ಕಿ ಗಾಲಿ ಒಡಿತದ್ರಿ."

ಅದೂ ನಿಜವೇ. ಜಗಲಿಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ಆಯಿ ಮೊರವನ್ನು ಕೆಳಗಿಟ್ಟಳು.

"ಏ ಮಲ್ಲಾ, ನಮ್ಮ ಬಚ್ಚಲ ಒಡದು ಮೂರು ವರ್ಷ ಆತು. ಆ ಉಲ್ಟಾ ಗಚ್ಚು ನನ್ನ ಬಚ್ಚಲಕ್ಕ ಹಾಕು. ನೀರು ಯಾವ ಕಡಿಂದ ತಿರುಗಿದ್ರೂ ಹೋಗೋದು ಮೋರಿಗೇ."

ಅಪ್ಪ ಮುಖ ತಿರುಗಿಸಿ ನಕ್ಕರು. ಮಲ್ಲಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ. ಆದರೂ ಒಂದು ಮಾತು ಇಟ್ಟ: ಯುಗಾದಿಯ ತಪಾಸಣೆಯಲ್ಲಿ ಮಖಮಲ್ ಪಾಸಾಗದಿದ್ದರೆ ಮತ್ತೆ ತನ್ನ ಗಾಣಕ್ಕೇ ಬರಬೇಕು, ಕಾಯಂ. ಎಲ್ಲರೂ ಚಾಚಾರ ಮುಖ ನೋಡಿದರು. ಚಾಚಾ ಹಲೀಮಾಬಿಯ ಮುಖ ನೋಡಿದರು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, "ಹೂಂ ಅನ್ರಿ" ಎಂದಳು. ಚಾಚಾ ಹೂಂ ಅಂದರು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಎತ್ತದಿದ್ದರೂ ಅದು ಇಡೀ ಚಳಿಗಾಲ ನಮ್ಮ ಜೊತೆಗೇ ಇತ್ತು.

ಅಂಥ ಚಳಿಗಾಲ ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ. ಬೆಳಗಿನ ಆರಕ್ಕೆ ಗಾಣ. ಹೊಲಗಳ ಮೇಲೆ ಹೊಗೆಯಂಥ ಮಂಜು, ಮಖಮಲ್‌ನ ಮೂಗಿನಿಂದ ಹೊರಡುವ ಉಗಿ, ಕಲ್ಲಿನ ಗಾಲಿಯ ಗುಡುಗು. ಮೊದಲ ದಿನ ಎಡಕ್ಕೆ ತಿರುಗಿಸಿ ಕಟ್ಟಿದಾಗ ಅದು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹಿಂದಿರುಗಿ ಮಲ್ಲಣ್ಣನನ್ನು ನೋಡಿತು, ತಪ್ಪು ಮಾಡುತ್ತಿದ್ದೀರಿ ಎನ್ನುವ ಹಾಗೆ. "ನೋಡ್ರಿ, ಕುದುರಿಗೂ ಶಾಸ್ತ್ರ ಗೊತ್ತದ" ಎಂದು ಮಲ್ಲಣ್ಣ ಹಿಗ್ಗಿದ. ಚಾಚಾ ಮುಂದೆ ನಿಂತು ಬಾಳೆಹಣ್ಣು ತೋರಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆದರು. ಒಂದು ಸುತ್ತಿಗೆ ನಾಲ್ಕು ಹಣ್ಣು ಹೋದವು. ಎರಡನೆಯ ಸುತ್ತಿಗೆ ಒಂದು. ಮೂರನೆಯದಕ್ಕೆ ಚಾಚಾ ತಾವೇ ಒಂದು ಸುಲಿದು ತಿಂದರು.

ಬೆಳಿಗ್ಗೆ ಗಾಣ, ಸಂಜೆ ದಿಬ್ಬದ ರಸ್ತೆ. ಮೊದಲು ಖಾಲಿ ಟಾಂಗಾ, ಆಮೇಲೆ ಬಾಳೆಗೊನೆ ಹೇರಿಕೊಂಡು. ದಿಬ್ಬದ ಮೇಲೆ ತಲುಪಿದ ಕೂಡಲೇ ನಾನು ಅಪ್ಪನ ಜೇಬಿನ ಗಡಿಯಾರ ಹಿಡಿದು, ಅದರ ಪಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸುತ್ತಿದ್ದೆ. ಮೂರು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಎಂದು ನಾನು ಹಟ ಹಿಡಿದೆ. ದುಡಿತದಲ್ಲಿ ದಣಿದ ಎಳೆಗಳು ಸುಧಾರಿಸಿಕೊಳ್ಳುವುದು ಬಿಡುವಿನಲ್ಲಿ. ಬಿಡುವು ಇಲ್ಲದಿದ್ದರೆ ದುಡಿತ ಬರೀ ಸವೆತ. ಚಾಚಾಗೆ ಇದು ಸೇರಲಿಲ್ಲ. "ನನಗ ಯಾರೂ ಮೂರು ದಿನಕ್ಕೊಮ್ಮಿ ರಜಾ ಕೊಟ್ಟಿಲ್ಲ" ಎಂದರು. ಹಲೀಮಾಬಿ, "ಅದಕ್ಕ ಹಿಂಗ ಆಗೀರಿ" ಎಂದಳು.

ಪ್ರತಿ ಸೋಮವಾರ ಅಳತೆ. ಒಂದು ನೋಟುಬುಕ್ಕಿನಲ್ಲಿ ಎಡ, ಬಲ ಎಂದು ಎರಡು ಸಾಲು. ಎಳ್ಳ ಅಮಾಸಿ ಬಂತು. ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ತಿಂದೆವು. ಮಖಮಲ್‌ಗೂ ಒಂದು ರೊಟ್ಟಿ ಸಿಕ್ಕಿತು. ಟೇಪು ಮಾತ್ರ ಒಂದು ನೂಲೂ ಕದಲಲಿಲ್ಲ. ನಾಲ್ಕು ಸೋಮವಾರ ಕಳೆದರೂ ಅದೇ ಅಳತೆ. ಆಯಿಯ ಬಚ್ಚಲು ಮುಗಿದುಹೋಗಿತ್ತು. ಮಲ್ಲಣ್ಣ ಈಗ ದನ ನೀರು ಕುಡಿಯುವ ಹೌದಿಯ ನೆವದಲ್ಲಿ ಉಲ್ಟಾ ಗಚ್ಚು ಅರೆಯುತ್ತಿದ್ದ. ನನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ, ನಾಲ್ಕು ಜನರನ್ನು ಸುಮ್ಮನೆ ಕುಣಿಸುತ್ತಿದ್ದೇನೆ ಎನ್ನಿಸಿತು. ಯಾರಿಗೂ ಹೇಳಲಿಲ್ಲ. ಸೋಮವಾರ ಅಳೆದು, ಬರೆದು, ಬುಕ್ಕು ಮುಚ್ಚಿಬಿಡುತ್ತಿದ್ದೆ.

ಐದನೆಯ ಸೋಮವಾರ ಹಲೀಮಾಬಿ ನನ್ನ ಪಕ್ಕದಲ್ಲಿ ಬಂದು ಕೂತಳು. "ಬೇಟಿ, ನಿನ್ನ ಮಾರಿ ಯಾಕ ದಿನಾ ಸಣ್ಣ ಆಗ್ಲಾಕತ್ತದ?"

"ಏನೂ ಬದಲಾಗಿಲ್ಲ ಚಾಚಿ. ಟೇಪು ಇದ್ದಲ್ಲೇ ಅದ."

"ಟೇಪು ಇರ್ಲಿ. ನಿನ್ನಿ ಸಂಜಿ ಇವರು ಟಾಂಗಾದಾಗ ಕೂತು ಬೀಡಿ ಹಚ್ಚಿಕೊಂಡ್ರು, ಎರಡೂ ಕೈಲೆ. ನೋಡಿದಿಲ್ಲೋ?"

ನಾನು ನೋಡಿರಲಿಲ್ಲ. ದೀಪಾವಳಿಯ ಹೊತ್ತಿಗೆ ಎಡ ಲಗಾಮು ಒಂದು ಕ್ಷಣ ಬಿಟ್ಟರೆ ಟಾಂಗಾ ಹೊಲಕ್ಕೆ ಇಳಿಯುತ್ತಿತ್ತು. ಈಗ ಬೀಡಿ ಹಚ್ಚುವಷ್ಟು ಹೊತ್ತು ಸೀದಾ ಹೋಗಿತ್ತು. ಕಾಲು ದಪ್ಪವಾಗುವುದಕ್ಕೆ ಮೊದಲೇ, ಇದ್ದಷ್ಟು ಬಲವನ್ನು ಸರಿಯಾಗಿ ಬಳಸುವುದನ್ನು ಮಖಮಲ್ ಕಲಿತುಕೊಂಡಿತ್ತು. ನಾನು ಕಾಲು ನೋಡುತ್ತ ನಡಿಗೆ ನೋಡುವುದನ್ನೇ ಮರೆತಿದ್ದೆ. ಆ ಸಂಜೆ ದಿಬ್ಬದ ಮೇಲೆ ಎಣಿಸಿದಾಗ, ಅದರ ಉಸಿರು ಮೊದಲಿಗಿಂತ ಅರ್ಧ ಹೊತ್ತಿನಲ್ಲಿ ಇಳಿದದ್ದೂ ಗಮನಕ್ಕೆ ಬಂತು. ಆ ಅಂಕಿಗಳು ನನ್ನ ಬುಕ್ಕಿನಲ್ಲೇ ವಾರಗಳಿಂದ ಇದ್ದವು. ನಾನೇ ಆ ಪುಟ ತಿರುವಿರಲಿಲ್ಲ.

ಏಳನೆಯ ವಾರ ಬಲಗಾಲಿನ ಟೇಪು ಎರಡು ನೂಲು ಮುಂದೆ ಹೋಯಿತು. ನಾನು ಮೂರು ಸಲ ಅಳೆದೆ. ನಾಲ್ಕನೆಯ ಸಲ ಅಪ್ಪನಿಂದ ಅಳೆಸಿದೆ. ಚಾಚಾ ನನ್ನ ಕೈಯಿಂದ ಟೇಪು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ವಾರವಾರವೂ ಬಲಗಾಲು ತುಂಬುತ್ತ ಬಂತು. ತೊಡೆಯ ಚರ್ಮದ ಕೆಳಗೆ ಹುರಿ ಎದ್ದವು. ಜೋಳ ಎಳೆ ತೆನೆ ಸುಟ್ಟು ತಿನ್ನುವ ಸೀತನಿಗೆ ಬಂತು, ಕೊಯ್ಲಿಗೂ ಬಂತು. ಬೇವು ಚಿಗುರಿತು. ಯುಗಾದಿಗೆ ಹತ್ತು ದಿನವಿರುವಾಗ ಎಡ, ಬಲ ಎರಡು ಸಾಲಿನಲ್ಲೂ ಒಂದೇ ಅಂಕಿ ಬರೆದೆ. ಎಡ ಭುಜದ ಹತ್ತಿರ ಹಿಡಿದ ಬಾಳೆಹಣ್ಣನ್ನು ಮಖಮಲ್ ನಿಂತಲ್ಲಿಂದಲೇ, ಕತ್ತು ತಿರುಗಿಸಿ ತಿಂದಿತು. ಆಯಿ ಶಾವಿಗೆ ಪಾಯಸ ಮಾಡಿ ಎಲ್ಲರಿಗೂ ಕೊಟ್ಟಳು.

ಪಾಯಸ ತಿಂದು ಚಾಚಾ ಟಾಂಗಾ ಹೂಡಿ ಹೊರಟರು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಟಾಂಗಾ ಐವತ್ತು ಹೆಜ್ಜೆ ಹೋಯಿತು. ಆಮೇಲೆ ಎಡಕ್ಕೆ ಸರಿಯಿತು. ಸರಿಯುತ್ತ ಸರಿಯುತ್ತ ದವಾಖಾನೆಯ ಬೇಲಿಯೊಳಗೆ ಗಾಲಿ ಸಿಕ್ಕಿಸಿಕೊಂಡು ನಿಂತಿತು.

"ಹೆಚ್ಚಾತು," ಎಂದ ಮಲ್ಲಣ್ಣ. "ಉಲ್ಟಾ ಹೆಚ್ಚಾತು. ಇನ್ನ ಹತ್ತು ದಿನಾ ಸೀದಾ ಸುತ್ತಸೂಣೇನು?"

ನಾನು ಒಳಗೆ ಹೋಗಿ ಟೇಪು ತಂದು ಮತ್ತೆ ಅಳೆದೆ. ಎರಡೂ ಒಂದೇ. ಕೈಯಲ್ಲಿ ಹಗ್ಗ ಹಿಡಿದು ನಡೆಸಿದೆ. ಸೀದಾ ನಡೆಯಿತು. ಹೂಡಿದ ಟಾಂಗಾದ ಲಗಾಮನ್ನು ಸಡಿಲು ಬಿಟ್ಟು ನಡೆಸಲು ಹೇಳಿದೆ. ಸೀದಾ ನಡೆಯಿತು. ಚಾಚಾ ಲಗಾಮು ಕೈಗೆತ್ತಿಕೊಂಡದ್ದೇ ತಡ, ಎಡಕ್ಕೆ ಹೋಯಿತು. ನಾನು ಕುದುರೆಯನ್ನು ಬಿಟ್ಟು ಚಾಚಾರನ್ನು ನೋಡಿದೆ. ಅವರು ಅಂಗಿಯ ತೋಳು ಮಡಿಚಿದ್ದರು.

"ಚಾಚಿ," ಎಂದೆ, "ಚಾಚಾರ ಎರಡೂ ಕೈ ಅಳತಿ ಮಾಡ್ರಿ."

ಹಲೀಮಾಬಿ ಟೇಪು ತೆಗೆದುಕೊಂಡು ಗಂಡನ ಮುಂಗೈಗೆ ಸುತ್ತಿದಳು. ಮೊದಲು ಬಲ, ಆಮೇಲೆ ಎಡ. ಟೇಪು ಹಿಡಿದುಕೊಂಡೇ ನಗತೊಡಗಿದವಳಿಗೆ ನಿಲ್ಲಿಸಲಾಗಲಿಲ್ಲ. ಕುದುರೆ ಬಲಕ್ಕೆ ಎಳೆದಷ್ಟು ದಿನವೂ ಚಾಚಾ ಎಡ ಲಗಾಮು ಜಗ್ಗಿದ್ದರು. ಕುದುರೆ ಸರಿಯಾಗಿತ್ತು. ಅವರ ಕೈಗೆ ಸುದ್ದಿ ಮುಟ್ಟಿರಲಿಲ್ಲ.

"ಸುಳ್ಳು! ನಾ ಎಲ್ಲಿ ಜಗ್ಗಲಾಕತ್ತೀನಿ?" ಎಂದರು ಚಾಚಾ, ಎಡಗೈಯಿಂದ ಲಗಾಮು ಜಗ್ಗುತ್ತಲೇ.

"ಮಲ್ಲಾ," ಎಂದಳು ಆಯಿ, "ಇವನನ್ನೂ ಗಾಣಕ್ಕ ಕಟ್ಟು. ಉಲ್ಟಾ."

ಮಲ್ಲಣ್ಣ ಕೂಡ ನಕ್ಕ. ಆದರೆ ಹತ್ತೇ ದಿನ ಉಳಿದಿತ್ತು. ಕುದುರೆಗೆ ನಾಲ್ಕು ತಿಂಗಳು ಹಿಡಿದದ್ದು ಮನುಷ್ಯನಿಗೆ ಹತ್ತು ದಿನದಲ್ಲಿ ಆಗುತ್ತದೆಯೇ? ಚಾಚಾ ಎರಡೂ ಲಗಾಮನ್ನು ಬಲಗೈಯಲ್ಲಿ ಹಿಡಿಯುವುದನ್ನು ರೂಢಿ ಮಾಡಿಕೊಂಡರು. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಎದುರಿಗೆ ಗಾಡಿಯೊಂದು ಬಂದರೆ ಸಾಕು, ಅದು ತಾನಾಗಿ ಹೊರಬಂದು ಲಗಾಮು ಹಿಡಿಯುತ್ತಿತ್ತು. ಕೊನೆಗೆ ಹಲೀಮಾಬಿ ತನ್ನ ಹಸಿರು ದುಪಟ್ಟಾದಿಂದ ಆ ಕೈಯನ್ನು ಸೊಂಟಕ್ಕೆ ಕಟ್ಟಿದಳು. ತಪಾಸಣೆಯ ದಿನ ಕಲಬುರಗಿಗೆ ಹಾಗೆಯೇ ಹೋದೆವು. ಮಖಮಲ್ ಇಪ್ಪತ್ತು ಚಿಲ್ಲರೆ ಮೈಲಿಯೂ ದಾರಿಯ ಎಡಬದಿ ಹಿಡಿದು, ಬೆವರು ಹೆಚ್ಚದೆ ನಡೆಯಿತು.

ಅದೇ ರಸ್ತೆ, ಅದೇ ದರೋಗಾ. ಅವರು ಚಾ ಕುಡಿಯುತ್ತ ಕುದುರೆಯ ಸುತ್ತ ಒಂದು ಸುತ್ತು ಬಂದರು. ಮುಖ ಸ್ವಲ್ಪ ಅರಳಿತು. ಆಮೇಲೆ ದುಪಟ್ಟಾ ಕಂಡಿತು.

"ಕೈಗೆ ಏನಾಗೇತಿ?"

"ಏನಿಲ್ರಿ ಸಾಹೇಬ್ರ, ಸುಮ್ನ..."

"ಹೋದ ಸಲ ಕುದುರಿ ಕುಂಟ, ಈ ಸಲ ಹೊಡಿಯಾವ ಕುಂಟ? ಬಿಚ್ರಿ ಅದನ್ನ. ಎರಡೂ ಕೈಲೆ ಹಿಡೀರಿ."

ಚಾಚಾ ಬಿಚ್ಚಿದರು. ಎರಡೂ ಕೈಯಲ್ಲಿ ಹಿಡಿದರು. ಟಾಂಗಾ ಇಪ್ಪತ್ತು ಹೆಜ್ಜೆ ಹೋಗಿ ಎಡಕ್ಕೆ ಸರಿದು ಮೋರಿಯ ಅಂಚಿನಲ್ಲಿ ನಿಂತಿತು. ಭಜಿ ಅಂಗಡಿಯವ ಎದುರು ಬದಿಯಿಂದ, "ಚಾಚಾ, ನಾವು ಈ ಕಡಿ ಅದೀವಿ!" ಎಂದು ಕೂಗಿದ. ದರೋಗಾ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು ರಿಜಿಸ್ಟರು ತೆರೆದರು. ಚಾಚಾ ಕೆಳಗಿಳಿದು ಮಖಮಲ್‌ನ ಕತ್ತಿನ ಮೇಲೆ ಕೈಯಿಟ್ಟು ನಿಂತರು. ಅಪ್ಪನೂ ಸರಕಾರಿ ನೌಕರ. ಮಾತಾಡಲು ಹಿಂದೆಮುಂದೆ ನೋಡಿದರು.

"ಸಾಹೇಬ್ರೆ, ಬರೀಬ್ಯಾಡ್ರಿ" ಎಂದದ್ದು ನನ್ನ ದನಿ ಎಂದು ತಿಳಿಯಲು ನನಗೇ ಒಂದು ಗಳಿಗೆ ಬೇಕಾಯಿತು. ರಸ್ತೆಯವರೆಲ್ಲ ತಿರುಗಿ ನೋಡಿದರು. "ಕುದುರಿ ಸರಿ ಅದರಿ. ಚಾಚಾರ ಕೈ ಇನ್ನೂ ಹೋದ ಸಲದ ಕುದುರಿನೇ ಹೊಡಿಲಾಕತ್ತದ."

ದರೋಗಾ ಪೆನ್ಸಿಲ್ ಎತ್ತಿದರು. ನಾನು ನೋಟುಬುಕ್ಕು ಕೊಟ್ಟೆ. ಗಾಣದ ಸುತ್ತು, ಎಡಗಾಲು, ಬಲಗಾಲು, ವಾರವಾರದ ಅಳತೆ, ಕೊನೆಯ ಪುಟದಲ್ಲಿ ಚಾಚಾರ ಎರಡು ಮುಂಗೈ, ಎಲ್ಲವನ್ನೂ ಹೇಳಿದೆ. ಅವರು ಪುಟ ತಿರುವುತ್ತ ನಿಂತರು. ಚಾಚಾರ ಮುಂಗೈಯ ಪುಟಕ್ಕೆ ಬಂದಾಗ ಅವರ ಮೀಸೆ ಅಲುಗಿತು.

"ಇವತ್ತಿನ ತಪಾಸಣಿ ಕುದುರಿದು, ಖರೆ," ಎಂದರು. "ಹಂಗಾರ ಯಾರು ಹೊಡದು ತೋರಸ್ತೀರಿ?"

"ಲಗಾಮು ಹಿಡದು ರೂಢಿ ಇಲ್ಲದ ಕೈ ಬೇಕ್ರಿ."

"ಅಂಥವರು ಯಾರದಾರಿಲ್ಲಿ?"

ಅಪ್ಪ ನನ್ನನ್ನು ನೋಡಿದರು. ಚಾಚಾ ನೋಡಿದರು. ಮಖಮಲ್ ಕೂಡ ಕತ್ತು ತಿರುಗಿಸಿತು, ಎಡಕ್ಕೆ, ಸಲೀಸಾಗಿ. ನಾನು ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಹಿಡಿದು ಟಾಂಗಾ ಹತ್ತಿ ಮುಂದೆ ಕೂತೆ. ದರೋಗಾ ರಿಜಿಸ್ಟರನ್ನು ಬಗಲಿಗೆ ಸಿಕ್ಕಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಚಾಚಾ ನನ್ನ ಕೈಗೆ ಲಗಾಮು ಕೊಟ್ಟು, "ಬೇಟಿ, ಹೂವು ಹಿಡದಂಗ ಹಿಡಿ, ಬಸ್" ಎಂದರು.

ಮಖಮಲ್ ಹೊರಟಿತು. ಹತ್ತು ಹೆಜ್ಜೆ. ಇಪ್ಪತ್ತು. ಭಜಿ ಅಂಗಡಿ ಬಲಕ್ಕೆ ಹಾದುಹೋಯಿತು. ಅಂಗಡಿಯವ ಜಾಲರಿ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದ. ಮೋರಿ ಎಡಕ್ಕೆ, ಒಂದೇ ಅಂತರದಲ್ಲಿ, ದಾರ ಹಿಡಿದು ಎಳೆದ ಹಾಗೆ ಜೊತೆಗೆ ಬರುತ್ತಿತ್ತು. ನನ್ನ ಎದುರಿಗೆ ಅದರ ಎರಡು ತೊಡೆಗಳು ಒಂದಾದ ಮೇಲೊಂದು ತುಂಬಿ ಇಳಿಯುತ್ತಿದ್ದವು. ಎಡ, ಬಲ, ಎಡ, ಬಲ. ನಾಲ್ಕು ತಿಂಗಳು ಟೇಪು ಹಿಡಿದು ನೋಡಿದ್ದನ್ನು ಈಗ ಎರಡು ಅಂಗೈಯಲ್ಲಿ ತೂಗಿ ನೋಡುತ್ತಿದ್ದೆ. ಎರಡೂ ಲಗಾಮು ಒಂದೇ ತೂಕ. ಮಖಮಲ್ ತಾನಾಗಿಯೇ ದುಡುಕಿ ಓಟ ಹಿಡಿಯಿತು. ಹಿಂದಿನಿಂದ ಜನ ಸಿಳ್ಳೆ ಹಾಕುತ್ತಿದ್ದರು. ಚಾಚಾ ಎರಡೂ ಕೈ ಎತ್ತಿ ಓಡಿಬರುತ್ತಿದ್ದರು, ಅವರ ಹಿಂದೆ ಅಪ್ಪ, ಟೋಪಿ ಹಿಡಿದುಕೊಂಡು.

ರಸ್ತೆಯ ಕೊನೆ ಹತ್ತಿರವಾಯಿತು. ಆಗ ನೆನಪಾಯಿತು: ನಿಲ್ಲಿಸುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಚಾಚಾ!" ಎಂದು ಕೂಗಿದೆ. ಅಷ್ಟು ದೊಡ್ಡದಾಗಿ ನಾನು ಬೀದಿಯಲ್ಲಿ ಎಂದೂ ಕೂಗಿರಲಿಲ್ಲ. "ಇಕಿನ್ನ ನಿಲ್ಲಸೋದು ಹ್ಯಾಂಗ?"

ಚಾಚಾ ಬಹಳ ಹಿಂದಿದ್ದರು. ಉತ್ತರ ಬಂದದ್ದು ಹಿಂದಿನ ಸೀಟಿನಿಂದ. ದರೋಗಾ ಸಾಹೇಬರು ಒಂದು ಕೈಯಲ್ಲಿ ಟಾಂಗಾದ ಕಂಬ, ಇನ್ನೊಂದರಲ್ಲಿ ರಿಜಿಸ್ಟರು ಹಿಡಿದುಕೊಂಡು ನಗುತ್ತಿದ್ದರು.

"ನಿಲ್ಲಸಬ್ಯಾಡ್ರೀ ಅಕ್ಕಾರ. ಕಚೇರಿ ಹಿಂಗ ಸೀದಾ ಮುಂದೈತಿ. ಬಿಲ್ಲೆ ಅಲ್ಲೇ ಐತಿ."

ನಾನು ಲಗಾಮು ಇನ್ನಷ್ಟು ಸಡಿಲು ಬಿಟ್ಟೆ.